ಎಣ್ಣೆಯಲ್ಲ, ಸೊನೆ

ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಕ್ಕಿಬಿಟ್ಟವು. ಹೋದ ತಿಂಗಳು ಮೊಮ್ಮಗಳು ಗೌರಿ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಸ್ಯಾನ್ ಹೊಸೆಯಿಂದ ಬರ್ಕ್ಲಿ ಗುಡ್ಡಕ್ಕೆ ಹೊರಟಿದ್ದಳು. ನೀನು ಕೂಸಾಗಿದ್ದಾಗ ಇದ್ದ ಮನೆ ಇನ್ನೊಂದು ಸಲ ನೋಡಬೇಕು ಕಣವ್ವ ಅಂತ ನಾನೇ ಗಂಟುಬಿದ್ದಿದ್ದೆ. ಗುಡ್ಡ ಹತ್ತುವಾಗ ಕಿಟಕಿ ಇಳಿಸಿದ್ದೇ ತಡ, ಗಮ್ಮನೆ ಬಂತು ಹೋತದ ವಾಸನೆ.

"ಮೇಕೆ!" ಅಂದೆ.

"ವೇರ್, ಅಜ್ಜಿ?" ಅಂದಳು ಅವಳು. ತಿರುವು ಕಳೆದರೆ ಇಳಿಜಾರಿನ ತುಂಬ ಮೇಕೆಗಳು, ಕರಿಯವು, ಬಿಳಿಯವು, ಮಚ್ಚೆಯವು. ಎರಡು ಕಾಲ ಮೇಲೆ ನಿಂತು ಪೊದೆ ಮೇಯುತ್ತಿದ್ದವು. ನಾನು ಬಾಗಿಲಿಗೆ ಕೈ ಹಾಕಿದೆ. ಟಕ್ಕಂತ ಬೀಗ ಬಿತ್ತು.

"ಅಜ್ಜೀ, ನೋ. ಡೋಂಟ್ ಈವನ್ ಥಿಂಕ್ ಅಬೌಟ್ ಇಟ್."

ಅವಳಿಗೆ ಕಥೆ ಗೊತ್ತು. ಕಥೆಯೊಳಗೆ ಅವಳೂ ಇದ್ದಾಳೆ, ಒಂದೂವರೆ ತಿಂಗಳ ಕೂಸಾಗಿ.

ಅದು ತೊಂಬತ್ತೊಂಬತ್ತನೇ ಇಸವಿ. ಮಗಳು ಮಂಜುಳನ ಬಾಣಂತನಕ್ಕೆ ಅಂತ ನಾಗಮಂಗಲದ ಹತ್ತಿರದ ನಮ್ಮೂರಿಂದ ಹೊರಟು ಬಂದಿದ್ದೆ. ಗಂಟಿನಲ್ಲಿ ಹರಳೆಣ್ಣೆ ಸೀಸೆ, ಒಣಶುಂಠಿ, ಮೆಂತ್ಯ, ಒಂದು ಕರಿಕಂಬಳಿ. ನಮ್ಮಪ್ಪ ಕುರಿ ಮೇಕೆ ಸಾಕಿ ನಮ್ಮನ್ನು ಸಾಕಿದವನು. ಮೂರನೇ ಕ್ಲಾಸಿಗೆ ನನ್ನ ಸ್ಲೇಟು ಬಿಡಿಸಿ ಕೈಗೆ ಕೋಲು ಕೊಟ್ಟವನೂ ಅವನೇ. ಆ ಕುರಿಗಳ ಉಣ್ಣೆಯನ್ನು ನಮ್ಮವ್ವ ನೂತು ನೇಯಿಸಿದ ಕಂಬಳಿ ಅದು. ಮಂಜುಳನನ್ನೂ ನಾನು ಅದರ ಮೇಲೇ ಮಲಗಿಸಿ ಬೆಳೆಸಿದ್ದು.

ಮೇ ತಿಂಗಳಲ್ಲಿ ಕೂಸು ಹುಟ್ಟಿತು. ಅಯ್ಯೋ, ಅದನ್ನು ಹೇಗೆ ಬರೆಯಲಿ! ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಕೈಗೆ ಇಟ್ಟಾಗ ಹಿಡಿ ರಾಗಿಹಿಟ್ಟಿನಷ್ಟು ಭಾರವೂ ಇಲ್ಲ ಅನಿಸಿತು. ಆದರೆ ನನ್ನ ಬೆರಳು ಹಿಡಿದ ಹಿಡಿತ ನೋಡಬೇಕಿತ್ತು, ಹಾಲು ಕರೆಯೋಳ ಹಿಡಿತ! ಅಲ್ಲಿದ್ದವರಿಗೆಲ್ಲ ಕನ್ನಡದಲ್ಲೇ ಹೇಳಿದೆ, ನನ್ನ ಮೊಮ್ಮಗಳು ಅಂತ. ಎಲ್ಲರೂ ತಲೆ ಆಡಿಸಿದರು. ಅರ್ಥವಾಗದೆ ಇರಲು ಅದರಲ್ಲಿ ಏನಿದೆ?

ದಿನಾ ಬೆಳಿಗ್ಗೆ ಕೂಸಿಗೆ ಎರೆಯುವುದು ನನ್ನ ಕೆಲಸ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಮೂಗು ನೇವರಿಸಿ, ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಮೊಗೆದು ಹುಯ್ಯುತ್ತಿದ್ದೆ. ಆ ಒಂದು ಗಳಿಗೆಗಾಗಿ ಇಡೀ ಸಮುದ್ರ ದಾಟಿ ಬಂದಿದ್ದು ನಾನು. ಮಿಕ್ಕಿದ್ದೆಲ್ಲ, ಆ ಸೇತುವೆ, ಆ ಫ್ರೀವೇ, ಆ ಅಂಗಡಿ, ಇದ್ದರೆ ಇರಲಿ ಹೋದರೆ ಹೋಗಲಿ. ಎರೆದ ಮೇಲೆ ಮೈ ಒರೆಸಿ ಕಂಬಳಿಯ ಮೇಲೆ ಒಂದು ಹಳೇ ಸೀರೆ ಹಾಸಿ ಮಲಗಿಸಿದರೆ ಮೂರು ಗಂಟೆ ಮಿಸುಕುತ್ತಿರಲಿಲ್ಲ.

ಅಳಿಯ ರಮೇಶ ಮನೆಗೆ ಬರುತ್ತಿದ್ದುದೇ ಅಪರೂಪ. ಆ ವರ್ಷ ಅಲ್ಲಿ ಯಾರ ಬಾಯಲ್ಲಿ ನೋಡಿದರೂ ಡಾಟ್ ಕಾಮು. ಇವರ ಆಫೀಸಿನಲ್ಲಿ ಇನ್ನೊಂದು ಗಲಾಟೆ. "ಅತ್ತೆ, ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರಿಗೆ ಸೊನ್ನೆ ಅರ್ಥ ಆಗಲ್ಲ. ಬರೀ ಸೊನ್ನೆ ನೋಡಿ ಎಲ್ಲ ನಿಂತುಹೋಗಬಹುದು" ಅಂತ ವಿವರಿಸುತ್ತಿದ್ದರು. ಒಂದು ಸೊನ್ನೆಗೆ ಹೆದರೋ ಯಂತ್ರಾನ ಯಾಕೆ ಸಾಕ್ತೀರಿ ಅಂತ ಕೇಳಬೇಕು ಅನಿಸಿತ್ತು. ಅಳಿಯಂದಿರು ಅಂತ ಸುಮ್ಮನಾದೆ.

ಜೂನ್ ತಿಂಗಳ ಕೊನೆ. ಅಲ್ಲಿ ಬೇಸಿಗೆ ಅಂದರೆ ಬೆಳಿಗ್ಗೆ ಚಳಿ. ಕೊಲ್ಲಿಯ ಕಡೆಯಿಂದ ಮಂಜು ಹತ್ತಿಕೊಂಡು ಬಂದು ಹಿತ್ತಲ ಬೇಲಿಯನ್ನೇ ನುಂಗಿಬಿಡುತ್ತಿತ್ತು. ಅಂಥ ಒಂದು ಬೆಳಿಗ್ಗೆ ಮಂಜಿನೊಳಗಿಂದ "ಮ್ಯಾ" ಅಂತ ಕೇಳಿತು. ಕನಸೇನೋ ಅಂದುಕೊಂಡೆ. ಇನ್ನೊಂದು "ಮ್ಯಾ". ಕಂಬಳಿ ಹೆಗಲಿಗೆ ಹಾಕಿಕೊಂಡು, ಎಲೆಅಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಅರವತ್ತರ ಹೆಂಗಸು ಓಡಿದೆ ಅಂದರೆ ನಗಬೇಡಿ, ಓಡಿದೆ.

ಬೇಲಿಯಾಚೆ ಇಳಿಜಾರಿನಲ್ಲಿ ನೂರಾರು ಮೇಕೆ! ಒಣಗಿದ ಪೊದೆಗೆ ಬೆಂಕಿ ಬೀಳದಿರಲಿ ಅಂತ ಊರಿನವರೇ ಬಾಡಿಗೆಗೆ ತರಿಸುತ್ತಾರಂತೆ, ಪೊದೆ ತಿನ್ನಿಸೋಕೆ. ಕಾಯುವವನು ಪೆರು ಅನ್ನೋ ದೇಶದವನು. ಟೋಪಿ, ಉದ್ದ ತೋಳಿನ ಅಂಗಿ, ಕೈಗವಸು. ನನ್ನ ಕಂಬಳಿ ನೋಡಿ ನಕ್ಕ, ಅವನ ಹೆಗಲ ಮೇಲೂ ಒಂದಿತ್ತು. ನಾನು ನಾಲಿಗೆ ಮಡಿಸಿ "ಟ್ರ್ರ್ ಹೊಯ್" ಅಂದೆ, ನಾಲ್ಕು ಮೇಕೆ ತಲೆ ಎತ್ತಿದವು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಬಂಧ ಬೆಳೆಯೋಕೆ ಇನ್ನೇನು ಬೇಕು? ಒಂದು ಮರಿಯನ್ನು ಎತ್ತಿಕೊಳ್ಳಲು ಹೋದೆ. ಅವನು ಗಾಬರಿಯಿಂದ "ನೋ, ನೋ, ಸೆನ್ಯೋರಾ!" ಅಂತ ತನ್ನ ಎರಡೂ ತೋಳು ಪರಪರ ಕೆರೆದು ತೋರಿಸಿದ.

ನನಗೆ ಅರ್ಥವಾಯಿತು. ಉಣ್ಣೆಹುಳ ಇದೆ ಅಂತಾನೆ. ಮೇಕೆ ಮೈಯಲ್ಲಿ ಕಚ್ಚೋ ಉಣ್ಣೆ ಇರೋದು ನನಗೇನು ಹೊಸದಾ? "ಇರಲಿ ಬುಡಪ್ಪ, ನಾನು ಉಣ್ಣೆ ಕಿತ್ತೇ ಬೆಳೆದೋಳು" ಅಂತ ಹೇಳಿ ಮರಿಯನ್ನು ಅಪ್ಪಿಕೊಂಡೆ. ಕಂಬಳಿಯಲ್ಲಿ ಸುತ್ತಿಕೊಂಡೆ. ಕುತ್ತಿಗೆಗೆ ಒತ್ತಿಕೊಂಡು ಮೂಸಿದೆ. ಅವನು ಪಾಪ, ಕೆರೆದು ಕೆರೆದು ತೋರಿಸುತ್ತಲೇ ಇದ್ದ.

ಮಾರನೇ ದಿನವೂ ಹೋದೆ. ಅದರ ಮಾರನೇ ದಿನ ಮುಂಗೈ ಮೇಲೆ, ಕುತ್ತಿಗೆ ಮೇಲೆ ಕೆಂಪು ಗೀರು ಎದ್ದವು. ಸಂಜೆಗೆ ಗೀರಿನುದ್ದಕ್ಕೂ ನೀರುಗುಳ್ಳೆ, ಸಾಲು ಸಾಲು, ಹಾವು ಹರಿದ ಹಾಗೆ. ಉರಿ ಅಂದರೆ ಉರಿ.

"ಸರ್ಪಸುತ್ತು ಕಣೇ. ಕೆಮ್ಮಣ್ಣು ಎಲ್ಲಿ ಸಿಗುತ್ತೆ ಇಲ್ಲಿ?" ಅಂದೆ.

"ಕೆಮ್ಮಣ್ಣೂ ಇಲ್ಲ ಏನೂ ಇಲ್ಲ, ಡಾಕ್ಟರ್ ಹತ್ರ ನಡಿ" ಅಂದಳು ಮಂಜುಳ.

ಡಾಕ್ಟರಮ್ಮ ನೋಡಿದ ಕೂಡಲೇ ಪಾಯ್ಸನ್ ಓಕು ಅಂದರು. ಒಂದು ಗಿಡವಂತೆ, ಗುಡ್ಡದ ತುಂಬ ಇದೆಯಂತೆ. ಬಿಸಿಲಲ್ಲಿ ಪೊದೆಯಾಗಿ, ಮರ ಸಿಕ್ಕರೆ ಬಳ್ಳಿಯಾಗಿ ಹತ್ತುತ್ತದಂತೆ. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ. ಮೇಕೆಗೆ ಅದು ಹಬ್ಬದೂಟ, ಏನೂ ಆಗಲ್ಲ, ಆದರೆ ಅದರ ಮೈಗೆ ಹತ್ತಿದ್ದು ಮನುಷ್ಯರಿಗೆ ಹತ್ತಿದರೆ ಹೀಗೆ. ಗುಳ್ಳೆ ಅಂಟುರೋಗ ಅಲ್ಲ, ಗುಳ್ಳೆಯ ನೀರಿಂದ ಹರಡಲ್ಲ, ಗಿಡದ್ದು ಮೈಮೇಲೆ, ಸಾಮಾನಿನ ಮೇಲೆ ಉಳಿದಿದ್ದರೆ ಅಷ್ಟೇ ಹರಡೋದು, ಅದನ್ನು ತೊಳೀಬೇಕು ಅಂದರು. ಅದು ಅಂದರೆ ಏನು ಅಂತ ಮಗಳನ್ನು ಕೇಳಿದೆ.

"ಎಣ್ಣೆ ಅವ್ವ. ಆ ಗಿಡದಲ್ಲಿ ಒಂಥರಾ ಎಣ್ಣೆ ಇರುತ್ತೆ."

ಆ ಒಂದು ಮಾತೇ ನನ್ನನ್ನು ಕೆಡಿಸಿದ್ದು. ಎಣ್ಣೆ ವಿಚಾರ ನನಗೆ ಹೇಳಿಕೊಡ್ತಾರಾ? ಹಲಸಿನ ಮೇಣ ಅಂಟಿದರೆ ಏನು ಮಾಡ್ತೀವಿ, ಎಣ್ಣೆ ಹಚ್ಚಿ ತಿಕ್ಕಿ ತೆಗೀತೀವಿ. ಅದೇ ಲೆಕ್ಕ. ಮನೆಗೆ ಬಂದವಳೇ ಹರಳೆಣ್ಣೆ ಸುರಿದುಕೊಂಡು ಕೈ, ಕುತ್ತಿಗೆ, ಹೊಟ್ಟೆ ಎಲ್ಲ ತಿಕ್ಕಿ, ಹಬೆಯಾಡುವ ನೀರು ಮೈಮೇಲೆ ಹುಯ್ದುಕೊಂಡೆ. ಹುಯ್ದುಕೊಂಡಾಗ ಹಾಯ್ ಅನಿಸಿತು. ಚಳಿ ಆಯಿತು ಅಂತ ಕಂಬಳಿ ಹೊದ್ದೆ. ಎರಡು ದಿನದಲ್ಲಿ ಮೊದಲು ಇಲ್ಲದ ಕಡೆಯೆಲ್ಲ ಗುಳ್ಳೆ.

ಮೂರನೇ ದಿನ ಕೂಸಿನ ಕೆನ್ನೆಯ ಮೇಲೆ ಒಂದು ಕೆಂಪು ಬರೆ.

ಮಂಜುಳ ಕಿರುಚಲಿಲ್ಲ. ಕಿರುಚಿದ್ದರೆ ತಡಕೊಳ್ಳುತ್ತಿದ್ದೆ. ಕೂಸನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಹೋದಳು. ನನ್ನ ಮಗಳು ನನ್ನಿಂದ ಹಿಂದೆ ಹೋದಳು.

ಡಾಕ್ಟರಮ್ಮ ಕೂಸನ್ನು ನೋಡಿ, ಹೆದರಬೇಡಿ, ಸ್ವಲ್ಪವೇ ಇದೆ, ವಾಸಿಯಾಗುತ್ತೆ ಅಂದರಂತೆ. ಆದರೆ ಎಲ್ಲಿಂದಲೋ ಇನ್ನೂ ಬರುತ್ತಿದೆ, ಆ ಜಾಗ ಹುಡುಕಿ, ಅಲ್ಲಿಯವರೆಗೆ ಅಜ್ಜಿ ಮಗುವನ್ನು ಮುಟ್ಟದಿದ್ದರೆ ಒಳ್ಳೆಯದು ಅಂತಲೂ ಅಂದರಂತೆ. ಅದನ್ನು ನನಗೆ ಹೇಳುವಾಗ ಮಂಜುಳ ಗೋಡೆ ನೋಡಿಕೊಂಡು ಹೇಳಿದಳು.

"ಎಷ್ಟು ದಿನ?" ಅಂದೆ.

"ಒಂದು ವಾರ ಯಾರಿಗೂ ಹೊಸದಾಗಿ ಏಳಬಾರದು. ಆಮೇಲೆ ನೋಡೋಣ ಅವ್ವ."

ಅವತ್ತು ತೀರ್ಮಾನ ಮಾಡಿದೆ. ಅಳುತ್ತಾ ಕೂರೋಳಲ್ಲ ನಾನು. ತೋಳ ಎಲ್ಲಿಂದ ನುಗ್ತಿದೆ ಅಂತ ಗೊತ್ತಾಗದೆ ಹಟ್ಟಿ ಮುಂದೆ ಅತ್ತರೆ ಮರಿ ಉಳಿಯುತ್ತಾ? ಬೇಲಿಯಲ್ಲಿ ಕಂಡಿ ಎಲ್ಲಿ ಅಂತ ಹುಡುಕಬೇಕು.

ಬೇಲಿಯ ಬಳಿಗೇ ಹೋದೆ, ಆದರೆ ಈ ಸಲ ನಾಲ್ಕು ಮಾರು ದೂರ ನಿಂತೆ. ಮೇಕೆಯವನು ನನ್ನ ಕೈ ನೋಡಿ ಹಣೆ ಬಡಿದುಕೊಂಡ. ಆಗಲೇ ಹೇಳಿದೆನಲ್ಲ ಅನ್ನೋ ಥರ ಮತ್ತೆ ತೋಳು ಕೆರೆದು ತೋರಿಸಿದ. "ಹೂಂ ಕಣಪ್ಪ, ಈಗ ಗೊತ್ತಾಯ್ತು. ಗಿಡ ತೋರ್ಸು" ಅಂತ ಕೈಸನ್ನೆ ಮಾಡಿದೆ. ಗವಸಿನ ಕೈಯಲ್ಲಿ ಒಂದು ಕಡ್ಡಿ ಮುರಿದು ಎತ್ತಿ ಹಿಡಿದ. ಮೂರೆಲೆ, ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿದ್ದವು. ಮುರಿದ ತುದಿಯಲ್ಲಿ ಒಂದು ಹನಿ ಕೂಡಿತು. ತಾಳು ಅಂತ ಬೆರಳು ತೋರಿಸಿದ. ನಿಂತೆವು. ನೋಡ್ತಾ ನೋಡ್ತಾ ಆ ಹನಿ ಕಂದಾಯಿತು, ಆಮೇಲೆ ಕಪ್ಪಗಾಯಿತು.

ಇದನ್ನು ನಾನು ಹುಟ್ಟಿದಾಗಿಂದ ನೋಡಿದ್ದೀನಿ! ಮಾವಿನಕಾಯಿ ತೊಟ್ಟು ಮುರಿದರೆ ಚಿಮ್ಮೋದು ಇದೇ. ಕರಿಗೇರಿನ ಕಾಯಿಂದ ಬರೋದು ಇದೇ. ನಮ್ಮೂರ ಅಗಸರ ಮುನಿಯಮ್ಮ ಬಟ್ಟೆಗೆ ಗುರುತು ಹಾಕುತ್ತಿದ್ದುದು ಇದರಿಂದಲೇ. ಅವಳ ಬೆರಳ ಸಂದಿಯಲ್ಲಿ ಇಂಥದೇ ಗುಳ್ಳೆ ಏಳುತ್ತಿದ್ದವು.

ಒಳಗೆ ಹೋಗಿ ಕೂಗಿದೆ. "ಮಂಜೀ! ಎಣ್ಣೆ ಅಲ್ಲ ಕಣೇ, ಸೊನೆ! ಸೊನೆ!"

ಅಳಿಯ ಅವತ್ತು ಅಪರೂಪಕ್ಕೆ ಮನೆಯಲ್ಲಿದ್ದರು. ಫೋನಿಗೆ ಕೈ ಅಡ್ಡ ಹಿಡಿದು, "ಸೊನ್ನೆನಾ ಅತ್ತೆ? ನಮ್ಮಾಫೀಸಲ್ಲೂ ಅದೇ ತೊಂದರೆ" ಅಂದರು.

"ನಿಮ್ಮ ಸೊನ್ನೆಗೆ ಬೆಂಕಿ ಬೀಳ! ಮಾವಿನಕಾಯಿ ಸೊನೆ ಅಂತೀನಿ. ಎಣ್ಣೆ ಅಂದ್ಯಲ್ಲೇ ಮಂಜಿ, ಸೊನೆ ಅಂತ ಒಂದು ಮಾತು ಅಂದಿದ್ರೆ ನಾನು ಎಣ್ಣೆ ಹಚ್ಕೊಳ್ತಿದ್ನಾ? ಬಿಸಿನೀರು ಹುಯ್ಕೊಳ್ತಿದ್ನಾ?"

ಮಂಜುಳ ನಿಂತಲ್ಲೇ ನಿಂತಳು. "ಸೊನೆ," ಅಂದಳು ಮೆಲ್ಲಗೆ, ಕಳೆದುಹೋದ ಓಲೆ ಸಿಕ್ಕವಳ ಹಾಗೆ. "ಆ ಪದಾನೇ ಮರೆತುಹೋಗಿತ್ತು ಅವ್ವ."

ಪದ ಸಿಕ್ಕ ಮೇಲೆ ದಾರಿಯೂ ಸಿಕ್ಕಿತು. ಸೊನೆ ಅಂದರೆ ನಮಗೆ ಏನು ಗೊತ್ತು? ಬಿದ್ದ ಕೂಡಲೇ ತಣ್ಣೀರಲ್ಲಿ ತೊಳೀಬೇಕು, ಒರೆಸಬಾರದು. ಎಣ್ಣೆ ಹಚ್ಚಿದರೆ ಮೈತುಂಬ ಹರಡುತ್ತೆ. ಮತ್ತೆ, ಬಟ್ಟೆಗೆ ಬಿದ್ದ ಸೊನೆ...

ಬಟ್ಟೆಗೆ ಬಿದ್ದ ಸೊನೆ ಹೋಗಲ್ಲ. ಇಬ್ಬರೂ ಒಟ್ಟಿಗೇ ತಿರುಗಿ ನೋಡಿದೆವು. ಮೂಲೆಯಲ್ಲಿ ಮಡಿಸಿಟ್ಟಿದ್ದ ಕಂಬಳಿ. ಮರಿಯನ್ನು ಸುತ್ತಿದ್ದು ಅದರಲ್ಲಿ, ನಾನು ಹೊದ್ದಿದ್ದು ಅದನ್ನೇ, ಹಾಸಿದ ಹಳೇ ಸೀರೆ ಸರಿದು ಕೂಸು ಕೆನ್ನೆ ಊರಿದ್ದೂ ಅದರ ಮೇಲೇ.

"ಸುಟ್ಟುಬಿಡೋಣ," ಅಂದರು ಅಳಿಯ. "ಹಿತ್ತಲಲ್ಲಿ ಗ್ರಿಲ್ಲಿದೆ."

"ಸುಡಬಾರದು!" ಅಂದೆ. ಅಳಿಯಂದಿರ ಮೇಲೆ ನಾನು ದನಿ ಎತ್ತಿದ್ದು ಅವತ್ತೇ ಮೊದಲು. "ಕರಿಗೇರಿನ ಸೌದೆ ಒಲೆಗೆ ಇಟ್ಟೋರ ಮುಖ ನೋಡಿದ್ದೀನಿ ನಾನು, ಕಣ್ಣು ಬಿಡೋಕಾಗದ ಹಾಗೆ ಊದಿತ್ತು. ಹೊಗೆಯಲ್ಲಿ ಸೊನೆ ಬರುತ್ತೆ. ಕೂಸು ಉಸಿರಾಡುತ್ತೆ ಈ ಮನೇಲಿ." ಮಂಜುಳ ಡಾಕ್ಟರು ಕೊಟ್ಟ ಕಾಗದ ತೆಗೆದು ನೋಡಿದಳು. ಅದರಲ್ಲೂ ಹಾಗೇ ಬರೆದಿತ್ತು: ಗಿಡವಾಗಲಿ ಬೇರಾಗಲಿ ಒಣಕಡ್ಡಿಯಾಗಲಿ ಯಾವತ್ತೂ ಸುಡಬಾರದು, ಹೊಗೆ ಶ್ವಾಸಕೋಶಕ್ಕೇ ಹೋಗುತ್ತೆ.

ಗವಸು ಹಾಕಿಕೊಂಡೆ, ಕಂಬಳಿಯನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಗಂಟು ಬಿಗಿದೆ, ನಾನೇ ಹೊತ್ತುಕೊಂಡು ಹೋಗಿ ಕಸದ ಡಬ್ಬಕ್ಕೆ ಹಾಕಿದೆ. "ಅಜ್ಜೀದಲ್ವಾ ಅವ್ವ ಅದು? ತೊಳೆದು ನೋಡಬಹುದಿತ್ತು" ಅಂದಳು ಮಂಜುಳ. ಕಂಬಳಿ ನಮ್ಮವ್ವನದು, ಕೆನ್ನೆ ಮೊಮ್ಮಗಳದು. ಯೋಚನೆ ಮಾಡೋಕೆ ಏನಿತ್ತು?

ಆಮೇಲೆ ನೋಡಬೇಕಿತ್ತು ನನ್ನ ಕೈಚಳಕ. ನಾನು ಉಟ್ಟಿದ್ದು, ಹಾಸಿದ್ದು ಎಲ್ಲ ಬೇರೆಯಾಗಿ ಮೆಷೀನಿಗೆ. ಚಪ್ಪಲಿ, ಬಾಗಿಲ ಹಿಡಿ, ನಲ್ಲಿ, ಕನ್ನಡಕ, ಬಳೆ, ಹರಳೆಣ್ಣೆ ಸೀಸೆಯ ಹೊರಮೈ, ಎಲ್ಲವನ್ನೂ ಪಾತ್ರೆ ತೊಳೆಯೋ ಸೋಪು, ತಣ್ಣೀರು ಹಾಕಿ ಉಜ್ಜಿದೆ. ಉಗುರಿನ ಸಂದಿಯನ್ನೂ ಬಿಡಲಿಲ್ಲ. ಭಾನುವಾರ ಅಳಿಯ ಉದ್ದ ತೋಳಿನ ಅಂಗಿ ತೊಟ್ಟು, ಗವಸು ಏರಿಸಿ, ಬೇಲಿಯಿಂದ ನಮ್ಮ ಹಿತ್ತಲಿಗೆ ನುಸುಳಿದ್ದ ಬಳ್ಳಿ ಕೀಳಲು ಇಳಿದರು. ಹಿಂದಿನ ದಿನವೇ ನೀರು ಬಿಡಿಸಿ ನೆಲ ಮೆತ್ತಗೆ ಮಾಡಿಸಿದ್ದೆ. ನಾನು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೇಸ್ತ್ರಿ.

"ಬುಡದಿಂದ ತೆಗೀರಿ. ಮೇಕೆ ಎಲೆ ತಿನ್ನುತ್ತೆ, ಬೇರು ತಿನ್ನಲ್ಲ. ಬೇರಿದ್ದರೆ ಮತ್ತೆ ಚಿಗುರುತ್ತೆ."

"ಈ ಕಡ್ಡಿ ಒಣಗಿದೆ ಅತ್ತೆ, ಎಲೆನೇ ಇಲ್ಲ."

"ಒಣಗಿದ್ದರೂ ಸೊನೆ ಸಾಯಲ್ಲ. ಚೀಲಕ್ಕೆ ಹಾಕಿ. ಮೂಗು ಮುಟ್ಕೋಬೇಡಿ!"

"ಮೂಗು ತುರಿಸ್ತಿದೆ ಅತ್ತೆ."

"ತುರಿಸಲಿ."

ಇತ್ತ ಒಳಗೆ ಮಂಜುಳ ಕೂಸಿಗೆ ಸ್ನಾನ ಮಾಡಿಸುವಳು, ಆಟಿಕೆಯಂಥ ನೀಲಿ ಟಬ್ಬಿನಲ್ಲಿ, ಆರಿದ ನೀರಲ್ಲಿ. ನಾನು ಬಾಗಿಲಾಚೆ ನಿಂತು, "ಬೆನ್ನಿಗೆ ಹುಯ್ಯೇ. ಕಂಕುಳು ಉಜ್ಜಿದ್ಯಾ? ನೆತ್ತಿಗೆ ಎಣ್ಣೆ ಒತ್ತೇ" ಅನ್ನುವುದು. "ಅವ್ವಾ, ಸುಮ್ನಿರು! ನೀನು ಕೂಗಿದ್ರೆ ಅವಳು ನಿನ್ನ ಕಡೆನೇ ತಿರುಗ್ತಾಳೆ" ಅನ್ನುವಳು ಅವಳು. ತಿರುಗ್ತಾಳಂತೆ! ಬಾಗಿಲಾಚೆ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಣಿದಾಡುವುದೊಂದು ಬಾಕಿ.

ಮೂರು ದಿನ ಕಳೆಯಿತು. ನಾಲ್ಕನೇ ದಿನ ಸೊಂಟದ ಎಡಗಡೆ ಒಂದು ಹೊಸ ಗುಳ್ಳೆ.

ಮುಚ್ಚಿಡಬಹುದಿತ್ತು. ಸೀರೆಯೊಳಗೆ ಯಾರಿಗೆ ಕಾಣುತ್ತಿತ್ತು? ಇನ್ನು ಮೂರೇ ದಿನ, ಕೂಸು ಕೈಗೆ ಬರುತ್ತಿತ್ತು. ಬಚ್ಚಲಲ್ಲಿ ಒಂದು ಗಳಿಗೆ ನಿಂತೆ. ಆಮೇಲೆ ಹೊರಗೆ ಬಂದು, "ಮಂಜಿ, ಇನ್ನೊಂದು ಎದ್ದಿದೆ. ಮೊದಲಿಂದ ಎಣಿಸು" ಅಂದೆ.

ಸೊಂಟದ ಎಡಗಡೆ ಏನಿರುತ್ತದೆ? ಎಲೆಅಡಿಕೆ ಸಂಚಿ. ಮರಿ ಎತ್ತಿದ ಕೈಯಲ್ಲೇ ಸಂಚಿ ಬಿಚ್ಚಿ ಅಡಿಕೆ ಬಾಯಿಗೆ ಹಾಕಿಕೊಂಡಿದ್ದೆ, ಮೇಕೆಯವನಿಗೂ ಒಂದು ಚೂರು ಕೊಟ್ಟಿದ್ದೆ. ಊರೆಲ್ಲ ತೊಳೆದವಳು ಸಂಚಿ ತೊಳೆದಿರಲಿಲ್ಲ. ನಿಜ ಹೇಳ್ತೀನಿ, ಕಂಬಳಿಯನ್ನು ಸಲೀಸಾಗಿ ಬಿಟ್ಟ ಕೈ ಸಂಚಿ ಬಿಡಲು ತಡವರಿಸಿತು. ಅಡಿಕೆ ಇಲ್ಲದೆ ದವಡೆ ಏನು ಮಾಡಬೇಕು? ಆದರೂ ಎಲೆ, ಅಡಿಕೆ, ಸುಣ್ಣದ ಡಬ್ಬಿ ಸಮೇತ ಅದೂ ಹೋಯಿತು ಚೀಲಕ್ಕೆ.

ಮತ್ತೆ ಒಂದು ವಾರ. ದಿನಾ ಬೆಳಿಗ್ಗೆ ತೋಳು, ಕುತ್ತಿಗೆ, ಸೊಂಟ ಮಗಳಿಗೆ ತೋರಿಸುವುದು, ಸಂತೆಯಲ್ಲಿ ಹಸು ಸುಳಿ ತೋರಿಸಿದ ಹಾಗೆ. ಉರಿಗೆ ತಣ್ಣೀರು ಬಟ್ಟೆ, ಡಾಕ್ಟರಮ್ಮ ಕೊಟ್ಟ ಗುಲಾಬಿ ಲೋಷನ್ನು. ಕೆರೆಯಲಿಲ್ಲ. ಕೈಯನ್ನು ಕೈಯಿಂದ ಹಿಡಿದುಕೊಂಡು ಕೂತಿರುತ್ತಿದ್ದೆ. ಗುಡ್ಡದ ಮೇಕೆಗಳು ಮೇಯುತ್ತಾ ಮೇಯುತ್ತಾ ಆಚೆ ಇಳಿಜಾರಿಗೆ ಹೋದವು. ಹೋಗುವ ದಿನ ಅವನು ಬೇಲಿಯಾಚೆ ದೂರದಿಂದಲೇ ಟೋಪಿ ಎತ್ತಿದ. ನಾನೂ ಕೈ ಎತ್ತಿದೆ. ಕೂಸಿನ ಕೆನ್ನೆಯ ಬರೆ ಮೊದಲು ತಿಳಿಯಾಯಿತು, ಆಮೇಲೆ ಒಣಗಿತು, ಆಮೇಲೆ ಎಲ್ಲಿತ್ತು ಅಂತಲೇ ಗೊತ್ತಾಗದಂತಾಯಿತು.

ಏಳನೇ ದಿನ ಕಳೆದು ಎಂಟನೇ ಬೆಳಿಗ್ಗೆ ನಾನು ಏನೂ ಕೇಳಲಿಲ್ಲ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆ. ಬಚ್ಚಲಲ್ಲಿ ನೀರು ಬಿಡುವ ಸದ್ದು. ನೀಲಿ ಟಬ್ಬಿಗೆ ಬೀಳುವ ಸದ್ದಲ್ಲ, ಬಕೆಟ್ಟಿಗೆ ಬೀಳುವ ಸದ್ದು. ಬೆಳ್ಳುಳ್ಳಿ ಕೈಯಲ್ಲೇ ನಿಂತಿತು.

"ಅವ್ವಾ," ಅಂತ ಕೂಗಿದಳು ಮಂಜುಳ. "ನೀರು ಇಷ್ಟು ಬಿಸಿ ಸಾಕಾ, ಬಂದು ನೋಡು."

ಕೈಯನ್ನು ಮೊಣಕೈವರೆಗೆ ಎರಡು ಸಲ ಸೋಪು ಹಾಕಿ ತೊಳೆದುಕೊಂಡೆ. ಬಚ್ಚಲಲ್ಲಿ ಸೀರೆ ಮೊಣಕಾಲಿಗೆ ಏರಿಸಿ ಕಾಲು ನೀಡಿ ಕೂತೆ. ಮಗಳು ಬಗ್ಗಿ ಕೂಸನ್ನು ನನ್ನ ಕಾಲ ಮೇಲೆ ಇಟ್ಟಳು, ಅವಳ ಕೈ ತೆಗೆಯುವಾಗ ನನ್ನ ಕೈಯನ್ನು ಒಂದು ಸಲ ಒತ್ತಿ ತೆಗೆದಳು. ಇಷ್ಟು ದಿನಕ್ಕೇ ಎಷ್ಟು ಬೆಳೆದುಬಿಟ್ಟಿತ್ತು! ತೊಡೆಯಲ್ಲಿ ಮಡಿಕೆ ಬಿದ್ದಿತ್ತು. ಮೊದಲ ಚೊಂಬು ಹುಯ್ದೆ. ಮುಖ ಕೆಂಪಗೆ ಮಾಡಿಕೊಂಡು ಮನೆ ಹಾರಿಹೋಗುವ ಹಾಗೆ ಕಿರುಚಿತು.

"ಬಿಸಿ ಜಾಸ್ತಿ ಆಯ್ತೇನೋ ಅವ್ವ?"

"ನೀರು ಸರಿಯಾಗೇ ಐತೆ ಕಣೇ. ಬಯ್ತಾ ಅವಳೆ ನನ್ನ, ಇಷ್ಟು ದಿನ ಎಲ್ಲಿ ಸತ್ತಿದ್ದೆ ಅಂತ."

ಬೈಲಿ. ಎಷ್ಟು ಬೇಕಾದರೂ ಬೈಲಿ. ನಾನು ಎರಡನೇ ಚೊಂಬು ಮೊಗೆದೆ.